ಚುಕ್ಕಿಗಳಿಗೆ ಹೆಸರಿಟ್ಟವರು ಯಾರು? ಡೊಂಬಿವಲಿ ಅಕ್ಕನ ಪ್ರಶ್ನೆಗೆ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ. ಡ್ಯೂಟಿ ಮುಗಿಸಿ ಬಂದು ನಿಧಾನವಾಗಿ ಬರೆಯೋಣ ಅಂತ ಬಿಟ್ಟಿದ್ದೆ. ಟೆರೇಸ್ ಮೇಲೆ ನಿಂತು ಮಗಳು "ಸಿಂಹ ಎಲ್ಲಿದೆ, ಈ ಹೆಸರೆಲ್ಲಾ ಯಾರು ಇಟ್ಟರು" ಅಂತ ಕೇಳಿದಳು ಅಂದಿದ್ದೀರಿ. ಅದರ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಎಲ್ಲಾ ಗ್ರೀಕರದ್ದು ಅಂದರು, ಇನ್ನೊಬ್ಬರು ಎಲ್ಲಾ ನಮ್ಮದೇ ಅಂದರು. ಎರಡೂ ಪೂರ್ತಿ ನಿಜ ಅಲ್ಲ.

ಮೊದಲು ಮೃಗದಿಂದ, ಅಂದರೆ ಜಿಂಕೆಯ ಚುಕ್ಕಿಗುಂಪಿನಿಂದ ಶುರು ಮಾಡಿ, ಈಗ ಜನವರಿ ಅಲ್ವಾ, ರಾತ್ರಿ ಒಂಬತ್ತಕ್ಕೆ ತಲೆ ಎತ್ತಿ ಸ್ವಲ್ಪ ದಕ್ಷಿಣಕ್ಕೆ ನೋಡಿದರೆ ಡೊಂಬಿವಲಿಯ ಬೆಳಕಿನಲ್ಲೂ ಕಾಣುತ್ತೆ. ಒಂದೇ ಗೆರೆಯಲ್ಲಿ ಮೂರು ಚುಕ್ಕಿ, ಸುತ್ತ ನಾಲ್ಕು. ಗ್ರೀಕರಿಗೆ ಇದು ಓರಿಯನ್ ಅನ್ನೋ ಬೇಟೆಗಾರ, ಮೂರು ಚುಕ್ಕಿ ಅವನ ಸೊಂಟದ ಪಟ್ಟಿ, ಆಚೆ ಉರಿಯುವ ಸಿರಿಯಸ್ ಅವನ ನಾಯಿ. ನಮ್ಮಲ್ಲಿ ಪೂರ್ತಿ ಉಲ್ಟಾ. ಆ ನಾಲ್ಕು ಚುಕ್ಕಿ ಜಿಂಕೆಯ ಕಾಲು, ಮೂರು ಚುಕ್ಕಿ ಅದಕ್ಕೆ ನಾಟಿದ ಬಾಣ, ಬಾಣ ಬಿಟ್ಟ ವ್ಯಾಧ ಸಿರಿಯಸ್. ಬಾಣದ ಗೆರೆಯನ್ನೇ ಆಗ್ನೇಯಕ್ಕೆ ಎಳೆದರೆ ನೇರ ವ್ಯಾಧನ ಹತ್ತಿರ ಹೋಗುತ್ತೆ. ಈ ಕಥೆ ಐತರೇಯ ಬ್ರಾಹ್ಮಣ ಅನ್ನೋ ವೇದಕಾಲದ ಗ್ರಂಥದಷ್ಟು ಹಳೆಯದು, ಅದರಲ್ಲಿ ಮೂರು ತುಂಡಿನ ಬಾಣ ಅಂತಲೇ ಇದೆ. ಅದೇ ಚುಕ್ಕಿಗಳು, ಒಬ್ಬರಿಗೆ ಬೇಟೆಗಾರ, ಇನ್ನೊಬ್ಬರಿಗೆ ಬೇಟೆ. ನನಗೆ ಇಡೀ ಆಕಾಶದಲ್ಲಿ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ಆದರೆ ಸುಮ್ನೆ ಕಥೆ ಹೇಳೋದಕ್ಕೆ ಯಾರೂ ಹೆಸರು ಇಡಲಿಲ್ಲ ಅಕ್ಕಾ. ಅವರಿಗೆ ಕೆಲಸ ಇತ್ತು. ನಮ್ಮವರಿಗೆ ಬೇಕಾಗಿದ್ದು ದಿನಾ ಚಂದ್ರ ಎಲ್ಲಿದ್ದಾನೆ ಅನ್ನೋದು, ಅದಕ್ಕೆ ಅವನ ದಾರಿಯಲ್ಲಿ 27 ಗುರುತು ಮಾಡಿಕೊಂಡರು, ಅವೇ 27 ನಕ್ಷತ್ರ. ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಹತ್ತಿರವೋ ತಿಂಗಳಿಗೂ ಅದೇ ಹೆಸರು. ಚಿತ್ತೆಯಿಂದ ಚೈತ್ರ, ಕೃತ್ತಿಕೆಯಿಂದ ಕಾರ್ತೀಕ, ಮೃಗಶಿರದಿಂದ ಮಾರ್ಗಶಿರ. ಕಾರ್ತೀಕ ಹುಣ್ಣಿಮೆಯ ದಿನ ನಿಮ್ಮ ಬಾಲ್ಕನಿಯಿಂದಲೇ ನೋಡಿ, ಸಾಮಾನ್ಯವಾಗಿ ಚಂದ್ರನ ಆಸುಪಾಸಿನಲ್ಲೇ ಕೃತ್ತಿಕೆಯ ಗುಂಪು ಇರುತ್ತೆ. ಚಂದ್ರನ ಬೆಳಕು ಜಾಸ್ತಿ, ಬೈನಾಕ್ಯುಲರ್ ಇದ್ದರೆ ಒಳ್ಳೇದು.

ಮಳೆ ನಕ್ಷತ್ರ ಇದೇ 27ರದ್ದು, ಆದರೆ ಅಲ್ಲಿ ಲೆಕ್ಕ ಚಂದ್ರನದ್ದಲ್ಲ, ಸೂರ್ಯನದ್ದು. ಸೂರ್ಯ ಯಾವ ನಕ್ಷತ್ರದ ಹತ್ತಿರವೋ ಆ ದಿನಗಳ ಮಳೆಗೂ ಅದೇ ಹೆಸರು. ನಮ್ಮದು ಇಂಡಿ ತಾಲೂಕು, ಅಪ್ಪ "ರೋಹಿಣಿ ಮಳೆ ಆದರೆ ಓಣಿಯೆಲ್ಲ ಜೋಳ" ಅನ್ನುತ್ತಿದ್ದರು. ಇಲ್ಲಿ ಪುಣೆ ಪಕ್ಕ ಮುಳಶಿಯ ರೈತರು ಜೂನ್ 7ರ ಸುಮಾರಿಗೆ "ಮೃಗ ಲಾಗಲಾ", ಅಂದರೆ ಮೃಗ ಶುರುವಾಯ್ತು ಅಂತ ಬೀಜದ ಚೀಲ ಬಿಚ್ಚುತ್ತಾರೆ, ನಮ್ಮ ಕಡೆಯ ಮಿರಗವೂ ಅದೇ. ಚಿಕ್ಕವನಿದ್ದಾಗ ರೋಹಿಣಿ ಮಳೆಯ ದಿನಗಳಲ್ಲಿ ಮಾಳಿಗೆ ಹತ್ತಿ ರೋಹಿಣಿಯನ್ನು ಹುಡುಕಿ ಹುಡುಕಿ ಸೋತಿದ್ದೆ. ಸಿಗಲ್ಲ. ಸೂರ್ಯ ಅದರ ಮುಂದೆಯೇ ಇರುತ್ತಾನೆ, ಹಗಲಲ್ಲಿ ಜೊತೆಗೆ ಹುಟ್ಟಿ ಜೊತೆಗೆ ಮುಳುಗುತ್ತೆ. ರೋಹಿಣಿ ಅಂದರೆ ಕೆಂಪಗಿರುವವಳು, ಆ ಕೆಂಪು ನೋಡಬೇಕಾದರೆ ಈಗಲೇ ನೋಡಬೇಕು. ಬಾಣದ ಗೆರೆಯನ್ನು ವ್ಯಾಧನಿಗೆ ಎದುರು ದಿಕ್ಕಿಗೆ ಎಳೆಯಿರಿ, ಸಿಗುತ್ತಾಳೆ.

ಇನ್ನು ಸಿಂಹ. ಮೇಷ, ವೃಷಭ, ಸಿಂಹ ಅನ್ನೋ ರಾಶಿಗಳ ದಾರಿ ಬೇರೆ. ಸಿಂಹ, ಗೂಳಿ, ಚೇಳು ಇವೆಲ್ಲ ಬ್ಯಾಬಿಲೋನಿನ ಮಣ್ಣಿನ ಹಲಗೆಗಳ ಮೇಲೆ ಗ್ರೀಕರಿಗಿಂತ ಮುಂಚೆಯೇ ಇದ್ದವು. ಅಲ್ಲಿಂದ ಗ್ರೀಕರಿಗೆ, ಗ್ರೀಕರಿಂದ ನಮಗೆ. ಇದನ್ನು ನಮ್ಮವರು ಮುಚ್ಚಿಡಲಿಲ್ಲ. ಆರನೇ ಶತಮಾನದ ಜ್ಯೋತಿಷಿ ವರಾಹಮಿಹಿರ ರಾಶಿಗಳನ್ನು ಕ್ರಿಯ, ತಾವುರಿ, ಜಿತುಮ, ಲೇಯ ಅಂತಲೂ ಕರೆದಿದ್ದಾನೆ. ಕ್ರಿಯೋಸ್, ತಾವ್ರೋಸ್, ಲಿಯೋನ್ ಅನ್ನೋ ಗ್ರೀಕ್ ಪದಗಳೇ ಅವು. ಹಾಗಾಗಿ 27 ನಕ್ಷತ್ರ ನಮ್ಮದು, 12 ರಾಶಿ ಹೊರಗಿನಿಂದ ಬಂದದ್ದು ಅಂತ ಮಗಳಿಗೆ ಹೇಳಿ, ಅದು ಸರಿಯಾದ ಉತ್ತರ.

ಸಪ್ತರ್ಷಿ ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ. ಗ್ರೀಕರಿಗೆ ಅದು ದೊಡ್ಡ ಕರಡಿ. ನಮ್ಮ ಶತಪಥ ಬ್ರಾಹ್ಮಣ ಏನು ಹೇಳುತ್ತೆ ಗೊತ್ತಾ, ಸಪ್ತರ್ಷಿಗಳನ್ನು ಹಿಂದೆ ಋಕ್ಷರು ಅನ್ನುತ್ತಿದ್ದರು ಅಂತ. ಋಕ್ಷ ಅಂದರೆ ಕರಡಿ. ಗ್ರೀಕಿನ ಆರ್ಕ್ಟೋಸ್, ನಮ್ಮ ಋಕ್ಷ ಎರಡೂ ಒಂದೇ ಬೇರಿನ ಪದ.

ತೀರಾ ದಕ್ಷಿಣದ ಚುಕ್ಕಿಗಳು ಅಲೆಕ್ಸಾಂಡ್ರಿಯಾದಲ್ಲಿ ಕೂತಿದ್ದ ಹಳೇ ಗ್ರೀಕ್ ಖಗೋಳಜ್ಞ ಟಾಲೆಮಿಗೆ ಕಾಣುತ್ತಲೇ ಇರಲಿಲ್ಲ, ಅವನ ಪಟ್ಟಿಯಲ್ಲಿ ಇದ್ದದ್ದು 48 ಚುಕ್ಕಿಗುಂಪು. ಲಕಾಯ್ ಅನ್ನೋ ಫ್ರೆಂಚ್ ವಿಜ್ಞಾನಿ 1751-52ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಕೂತು ಆ ಭಾಗ ಅಳೆದ, ತನ್ನ ಕಾಲದ ಸಾಮಾನುಗಳ ಹೆಸರನ್ನೇ ಇಟ್ಟ. ಗಡಿಯಾರ, ಕುಲುಮೆ, ದೂರದರ್ಶಕ, ಸೂಕ್ಷ್ಮದರ್ಶಕ. 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 88 ಅಂತ ಪಟ್ಟಿ ಗಟ್ಟಿ ಮಾಡಿತು. ನಿಮ್ಮ ಮೊಬೈಲ್ ಆಪ್‌ನಲ್ಲಿ ಬರೋದು ಆ 88.

ಸಿಂಹ ಈಗ ರಾತ್ರಿ ಹತ್ತಕ್ಕೆ ಪೂರ್ವದಲ್ಲಿ ಮೇಲೆ ಬರುತ್ತಿರುತ್ತೆ, ನಿಮ್ಮ ಕಡೆ ಕಟ್ಟಡಗಳ ಹಿಂದೆ ಸಿಕ್ಕಿಕೊಳ್ಳುತ್ತೆ. ಏಪ್ರಿಲ್ ತನಕ ಕಾಯಿರಿ, ಒಂಬತ್ತು ಗಂಟೆಗೆ ನೆತ್ತಿ ಮೇಲಿರುತ್ತೆ. ಅಮಾವಾಸ್ಯೆ ಹತ್ತಿರದ ಶನಿವಾರ ಊರಿನ ಬೆಳಕು ಕಡಿಮೆ ಇರೋ ವಾಂಗಣಿ ಕಡೆ ಹೋದರೆ ಇನ್ನೂ ಚೆಂದ, ಚಾಪೆ ತಗೊಂಡು ಹೋಗಿ, ಮೊಬೈಲ್ ಒಳಗಿಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ 20 ನಿಮಿಷ ಬೇಕು. ಮೊದಲು ಕುಡುಗೋಲು ಹುಡುಕಿ, ಅದು ಸಿಂಹದ ತಲೆ. ಕುಡುಗೋಲಿನ ಹಿಡಿಯ ತುದಿಯಲ್ಲಿ ಹೊಳೆಯೋದು ಮಘೆ, ಬಾಲದ ತುದಿಯಲ್ಲಿ ಉತ್ತರೆ. ಕೂತಿರೋ ಸಿಂಹ ತಾನಾಗಿ ಕಾಣುತ್ತೆ. ಅಲ್ಲಿ ತನಕ ಅವಳಿಗೆ ಜಿಂಕೆ ಮತ್ತು ಬಾಣ ತೋರಿಸ್ತಾ ಇರಿ, ಮೋಡ ಇಲ್ಲದಿದ್ದರೆ ಇವತ್ತು ರಾತ್ರಿಯೇ ಆಗುತ್ತೆ.