ಅವರೆಕಾಳು ಹಿದುಕಲಿ, ಬಿಡಿ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಮ್ಮತ್ತೆಗೆ 78 ವರ್ಷ. ಅಲ್ಝೈಮರ್ಸ್ ಅಂತ ಡಾಕ್ಟರು ಹೇಳಿ ಎರಡು ವರ್ಷವಾಯಿತು. ಸಂಜೆಯಾದರೆ ‘ನಮ್ಮೂರಿಗೆ ಹೋಗ್ಬೇಕು, ದಾರಿ ಬಿಡು’ ಅಂತ ಬಾಗಿಲ ಹತ್ತಿರ ನಿಲ್ಲುತ್ತಾರೆ. ಅವರೆಕಾಯಿ ಕಾಲ ಶುರುವಾದಾಗ ಒಂದು ದಿನ ನೆನೆಸಿದ ಕಾಳಿನ ಬೋಗುಣಿಯನ್ನು ಅವರ ಮುಂದೆ ಇಟ್ಟೆ. ಹಿದುಕುತ್ತಾ ಕೂತರು, ಏನೋ ಹಾಡು ಗುನುಗಿದರು, ಊರಿನ ಮಾತೇ ಎತ್ತಲಿಲ್ಲ. ಈಗ ದಿನಾ ಇದೇ ನಡೆಯುತ್ತಿದೆ. ಬೆಂಗಳೂರಿಂದ ಬಂದ ನಾದಿನಿ ಇದನ್ನು ನೋಡಿ, ‘ಈ ವಯಸ್ಸಲ್ಲಿ ಅಮ್ಮನ ಕೈಲಿ ಚಾಕರಿ ಮಾಡಿಸ್ತೀಯಲ್ಲ’ ಎಂದು ನೊಂದುಕೊಂಡರು. ಚಿತ್ರ ಜೋಡಿಸುವ ಆಟ, ಬಣ್ಣ ತುಂಬುವ ಪುಸ್ತಕ, ಮನೆಯವರ ಫೋಟೋ ಅಂಟಿಸಿದ ಕಾರ್ಡುಗಳನ್ನು ಕೊಟ್ಟು ಹೋದರು. ಅತ್ತೆ ಅದನ್ನು ಮುಟ್ಟುವುದಿಲ್ಲ. ಕಾರ್ಡು ತೋರಿಸಿ ‘ಇದ್ಯಾರು ಹೇಳಿ’ ಅಂದರೆ ಕಣ್ಣೀರು ಹಾಕುತ್ತಾರೆ. ಈಗ ಯಾರಾದರೂ ಬಂದರೆ ಬೋಗುಣಿಯನ್ನು ಒಳಗೆ ಎತ್ತಿಡುತ್ತೇನೆ. ನಾನು ಮಾಡುತ್ತಿರುವುದು ತಪ್ಪೇ?

– ಹಾಸನದ ಓದುಗರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ತಪ್ಪಲ್ಲ ತಂಗಿ. ತಪ್ಪು ಅಂತ ಇದ್ದರೆ ಒಂದೇ, ಯಾರೋ ಬಂದರೆಂದು ಬೋಗುಣಿ ಎತ್ತಿಡುತ್ತೀರಲ್ಲ, ಅದು. ನಾಳೆಯಿಂದ ಅದು ನಡುಮನೆಯಲ್ಲೇ ಇರಲಿ. ಬಂದವರ ಕೈಗೂ ನಾಲ್ಕು ಕಾಳು ಕೊಡಿ.

ನಿಮ್ಮ ನಾದಿನಿಯ ಮೇಲೆ ನನಗೆ ಬೇಸರವಿಲ್ಲ. ತಾಯಿ ಜೀವಮಾನವಿಡೀ ದುಡಿದಿದ್ದಾಳೆ, ಇನ್ನಾದರೂ ಸುಮ್ಮನೆ ಕೂರಲಿ ಎಂದು ಮಗಳಿಗೆ ಅನ್ನಿಸುವುದು ಸಹಜ. ಅವರು ತಂದ ವಸ್ತುಗಳೂ ಕೆಲಸಕ್ಕೆ ಬಾರದವೇನಲ್ಲ. ಮರೆವಿನ ಕಾಯಿಲೆ ಇನ್ನೂ ಮೊದಲ ಹಂತಗಳಲ್ಲಿರುವವರನ್ನು ಸಣ್ಣ ಗುಂಪಿನಲ್ಲಿ ಕೂರಿಸಿ ಮಾತು, ಪದದಾಟ, ಹಾಡು ಇಂಥವನ್ನು 14 ಬೈಠಕ್‌ಗಳಲ್ಲಿ ನಡೆಸುವ ಒಂದು ಕ್ರಮವಿದೆ. ಇಂಗ್ಲೆಂಡಿನಲ್ಲಿ ಅದನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆನಪಿಗೂ ನೆಮ್ಮದಿಗೂ ಸ್ವಲ್ಪ ಉಪಯೋಗವಾಗಿದ್ದು ಕಂಡಿತು. ಚೆನ್ನೈನಲ್ಲಿ ಅದನ್ನು ತಮಿಳಿಗೆ ಒಗ್ಗಿಸಿಕೊಂಡಿದ್ದಾರೆ. ದಿನಾ ಬೆಳಿಗ್ಗೆ ಪತ್ರಿಕೆಯ ಪದಬಂಧ ಬಿಡಿಸಿಯೇ ಕಾಫಿ ಲೋಟ ಕೆಳಗಿಡುತ್ತಿದ್ದ ನಿವೃತ್ತ ಮೇಷ್ಟರಿಗೆ ಪದಬಂಧವೇ ಸರಿ. ಅದಕ್ಕೆ ಮೀರಿ ನಾದಿನಿಯ ಪರವಾಗಿ ಹೇಳಲು ನನ್ನಲ್ಲಿ ಏನೂ ಇಲ್ಲ.

ನಿಮ್ಮ ಅತ್ತೆ ಪದಬಂಧ ಬಿಡಿಸಿದವರಲ್ಲ. ಅವರ ಬೆರಳಿಗೆ ಗೊತ್ತಿರುವುದು ಸೊಗಡಿನ ಕಾಯಿ. ಕಾಯಿ ಬಿಡಿಸಿದ ಮೇಲೆ ಕೈಗೆ ಅಂಟುವ ಜಿಡ್ಡು, ಆ ವಾಸನೆ, ರಾತ್ರಿಯೆಲ್ಲ ನೆಂದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಇಲ್ಲಿ ಉಳಿದು ಬೇಳೆ ಅಲ್ಲಿಗೆ ಹಾರುವುದು. ಎಷ್ಟು ಚಳಿಗಾಲಗಳಲ್ಲಿ ಆ ಕೈ ಈ ಕೆಲಸ ಮಾಡಿರಬೇಕು! ಅಲ್ಝೈಮರ್ಸ್ ಕಾಯಿಲೆ ಮೊದಮೊದಲು ಕೆಡಿಸುವುದು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನು. ಹೊಸ ನೆನಪು ಉಳಿಯಬೇಕಾದರೆ ಅದು ಬೇಕು. ಅದಕ್ಕೇ ಬೆಳಿಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ, ನಿನ್ನೆ ಬಂದ ಮೊಮ್ಮಗ ನೆನಪಿರುವುದಿಲ್ಲ. ಕೈ ಕಲಿತ ಕೆಲಸ ನಿಂತಿರುವುದು ಬೇರೆ ಕಡೆ, ಮೆದುಳಿನ ಆಳದ ಗಂಟುಗಳಲ್ಲಿ ಮತ್ತು ಹಿಂದಿನ ಕಿರುಮೆದುಳಿನಲ್ಲಿ. ಕಾಯಿಲೆ ಅಲ್ಲಿಗೆ ನಿಧಾನವಾಗಿ ಹೋಗುತ್ತದೆ. ಹಾಡೂ ಹಾಗೆಯೇ, ಮಾತು ಹೋದ ಮೇಲೂ ಬಹಳ ಕಾಲ ಉಳಿಯುತ್ತದೆ. ಹಿದುಕುತ್ತಾ ಕೂತಾಗ ಅವರು ಏನು ಗುನುಗುತ್ತಾರೆ ಎಂದು ನೀವು ಬರೆದಿಲ್ಲ. ಕಿವಿಗೊಟ್ಟು ಕೇಳಿ, ಎರಡು ಸಾಲು ಕಲಿತುಕೊಳ್ಳಿ. ಅವರು ನಡುವೆ ನಿಲ್ಲಿಸಿದಾಗ ಮುಂದಿನ ಸಾಲನ್ನು ನೀವೇ ಎತ್ತಿಕೊಡಬಹುದು.

ನಮ್ಮ ದೊಡ್ಡಮ್ಮ ಕೊನೆಯ ವರ್ಷಗಳಲ್ಲಿ ನನ್ನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಮಲ್ಲಿಗೆ ಮೊಗ್ಗು, ಬಾಳೆನಾರು ಮುಂದಿಟ್ಟರೆ ಮಾತ್ರ ಬೆರಳು ತಡವರಿಸುತ್ತಿರಲಿಲ್ಲ. ಒಂದು ಸಲ ನಾನು ನಾರು ಕೊಟ್ಟಾಗ, ‘ಒಣಗ್ಹೋಗಿದೆ, ನೀರು ಚಿಮುಕಿಸಿ ಕೊಡೋ’ ಎಂದು ಗದರಿದರು. ಆ ಗದರಿಕೆಯಲ್ಲಿ ಮನೆಯ ಯಜಮಾನಿ ಇದ್ದಳು. ನನ್ನ ಹೆಸರು ಅವರಿಗೆ ಬೇಕಾಗಿರಲಿಲ್ಲ, ಒದ್ದೆ ನಾರು ಬೇಕಾಗಿತ್ತು. ಸಾಗರದ ಕಡೆಯ ನನ್ನ ಗೆಳೆಯನ ತಂದೆಗೆ ಅಡಿಕೆ ಸುಲಿಯುವ ಕತ್ತಿ ಕೊಡುವಂತಿರಲಿಲ್ಲ, ಕೈ ನಡುಗುತ್ತಿತ್ತು. ಒಣಗಿದ ಅಡಿಕೆಯನ್ನು ಮೊರಕ್ಕೆ ಸುರಿದು ಕೊಡುತ್ತಿದ್ದರು. ಅವರು ಅದನ್ನು ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆಗಳಾಗಿ ಬೇರೆ ಬೇರೆ ಮಾಡಿ ಇಡುತ್ತಿದ್ದರು. ಹಿಂದೊಮ್ಮೆ ಓದುಗರೊಬ್ಬರು ತಮ್ಮ ತಂದೆಯ ಬಗ್ಗೆ ಬರೆದಿದ್ದರು, ನಿವೃತ್ತ ಬಸ್ ಕಂಡಕ್ಟರ್. ಹಳೆಯ ಚರ್ಮದ ಚೀಲದಲ್ಲಿ ಚಿಲ್ಲರೆ ಹಾಕಿಕೊಟ್ಟರೆ ಸಂಜೆಯೆಲ್ಲ ನಾಣ್ಯ ಜೋಡಿಸಿ ಲೆಕ್ಕ ಒಪ್ಪಿಸುವರಂತೆ. ಮಗ ಕೂತು ಆ ಲೆಕ್ಕವನ್ನು ಬರೆದುಕೊಳ್ಳುವನಂತೆ. ಲೆಕ್ಕ ತಪ್ಪಿದರೂ ಬರೆದುಕೊಳ್ಳುವನಂತೆ. ಆ ಮಗನನ್ನು ನೋಡಬೇಕು ಅಂತ ನನಗೆ ಈಗಲೂ ಆಸೆಯಿದೆ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಕೆಲಸ ಮಾಡಿದ ಟಾಮ್ ಕಿಟ್‌ವುಡ್ ಎಂಬ ವಿದ್ವಾಂಸ 1997ರಲ್ಲಿ ಬರೆದ ಪುಸ್ತಕವೊಂದಿದೆ. ಒಳ್ಳೆಯ ಮನಸ್ಸಿನವರೇ ಇಂಥ ಹಿರಿಯರನ್ನು ಹೇಗೆ ಕುಗ್ಗಿಸುತ್ತಾರೆ ಎಂದು ಅಲ್ಲಿ ಒಂದೊಂದಾಗಿ ಹೇಳಿದ್ದಾನೆ. ಮಕ್ಕಳಂತೆ ಕಾಣುವುದು, ಕೈಲಾಗುವ ಕೆಲಸವನ್ನೂ ಕಿತ್ತುಕೊಳ್ಳುವುದು, ಅವರು ಒಂದು ಮಾತು ಹುಡುಕುವಷ್ಟರಲ್ಲಿ ನಾಲ್ಕು ಮಾತಾಡಿ ಮುಗಿಸುವುದು. ಓದುವಾಗ ನಮ್ಮ ನಡುಮನೆಗಳೇ ಕಣ್ಣ ಮುಂದೆ ಬಂದವು. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಮರೂನ್ ಕ್ಯಾಂಪ್, ಮಕ್ಕಳಿಗೆ ಕಲಿಸುವ ಮಾಂಟೆಸ್ಸರಿ ಪದ್ಧತಿಯನ್ನು ಇಂಥ ಹಿರಿಯರಿಗೆ ತಂದದ್ದೂ ಇದೇ ಯೋಚನೆಯಿಂದ: ಕೈಗೆ ಸಿಗುವ ನಿಜವಾದ ವಸ್ತು, ಯಾರಿಗಾದರೂ ಉಪಯೋಗವಾಗುವ ಕೆಲಸ, ಒಂದು ಸಲಕ್ಕೆ ಒಂದೇ ಹೆಜ್ಜೆ.

ಇನ್ನು ಆ ಫೋಟೋ ಕಾರ್ಡುಗಳು. ದಯವಿಟ್ಟು ಅವನ್ನು ಕಪಾಟಿನಲ್ಲಿಡಿ. ಈ ಕಾಯಿಲೆಗೆ ತನ್ನ ಹೆಸರು ಕೊಟ್ಟ ವೈದ್ಯ ಅಲೋಯಿಸ್ ಅಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸನ್ನು ಪ್ರಶ್ನಿಸಿದ ದಾಖಲೆ ಉಳಿದಿದೆ. ಆಕೆ ಆಗಸ್ಟ್ ಡೇಟರ್, ವಯಸ್ಸು 51. ನಿಮ್ಮ ಹೆಸರೇನು? ಆಗಸ್ಟ್. ಮನೆತನದ ಹೆಸರು? ಆಗಸ್ಟ್. ಗಂಡನ ಹೆಸರು? ಆಗಸ್ಟ್ ಇರಬೇಕು. ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದವಳನ್ನು ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಸೊಪ್ಪು ಎಂದಳು. ನನ್ನನ್ನು ನಾನೇ ಕಳೆದುಕೊಂಡಿದ್ದೇನೆ ಎಂಬರ್ಥದ ಮಾತನ್ನೂ ಆಡಿದಳು. ಅವನು ವೈದ್ಯ, ಕೇಳುವುದು ಅವನ ಕೆಲಸವಾಗಿತ್ತು. ಮನೆಯಲ್ಲಿರುವ ನಾವೇಕೆ ಕೇಳುತ್ತೇವೆ? ‘ಅಜ್ಜಿ, ನಾನ್ಯಾರು ಹೇಳು ನೋಡೋಣ’ ಎಂದು ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಕೇಳಿ, ಉತ್ತರ ಬರದಿದ್ದಾಗ ‘ಪಾಪ’ ಎಂದು ಪಕ್ಕದವರ ಮುಖ ನೋಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ನನ್ನ ರಕ್ತ ಕುದಿಯುತ್ತದೆ. ನೀವೇ ಹೇಳಿಬಿಡಿ: ‘ಅತ್ತೆ, ನಾನು ನಿಮ್ಮ ಸೊಸೆ, ಕಾಳು ತಂದಿದ್ದೀನಿ.’ ಅಷ್ಟೇ ಸಾಕು.

ಕಾರ್ಡು ನೋಡಿ ಅತ್ತರೂ ಸ್ವಲ್ಪ ಹೊತ್ತಿಗೆ ಮರೆತುಹೋಗುತ್ತದಲ್ಲ ಎಂದು ಯಾರಾದರೂ ಹೇಳಬಹುದು. ಘಟನೆ ಮರೆಯುತ್ತದೆ, ಅಳು ಮರೆಯುವುದಿಲ್ಲ. ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 17 ಮಂದಿ ಅಲ್ಝೈಮರ್ಸ್ ರೋಗಿಗಳಿಗೆ ದುಃಖದ ಮತ್ತು ನಗುವಿನ ದೃಶ್ಯಗಳನ್ನು ಬೇರೆ ಬೇರೆಯಾಗಿ ತೋರಿಸಿದರು. ಆಮೇಲೆ ವಿಚಾರಿಸಿದರೆ ನೋಡಿದ್ದರಲ್ಲಿ ನೆನಪಿದ್ದದ್ದು ತೀರಾ ಅಲ್ಪ. ಆದರೂ ದುಃಖ ಅಲ್ಲೇ ಕೂತಿತ್ತು, ಸಂತೋಷವೂ ಇತ್ತು. ಕಂಡದ್ದನ್ನು ಹೆಚ್ಚು ಮರೆತವರಲ್ಲೇ ದುಃಖ ಹೆಚ್ಚು ಹೊತ್ತು ಉಳಿದಿತ್ತು. ಏಕೆ ಅಳುತ್ತಿದ್ದೇನೆ ಎಂದು ಗೊತ್ತಿಲ್ಲದೆ ಅಳುವ ಸ್ಥಿತಿಯನ್ನು ಯೋಚಿಸಿ. ಹಾಗೆಯೇ ಬೆಳಿಗ್ಗೆ ನೀವು ಜತೆಗೆ ಕೂತು ಕಾಳು ಹಿದುಕಿದ್ದು ಮಧ್ಯಾಹ್ನಕ್ಕೆ ಅವರಿಗೆ ನೆನಪಿರಲಿಕ್ಕಿಲ್ಲ, ಮನಸ್ಸಿನ ಹಗುರ ಇನ್ನಷ್ಟು ಹೊತ್ತು ಇರುತ್ತದೆ.

‘ನಮ್ಮೂರಿಗೆ ಹೋಗ್ಬೇಕು’ ಎಂಬ ಮಾತಿಗೂ ಇದೇ ದಾರಿ. ‘ಇದೇ ನಿಮ್ಮ ಮನೆ ಅಲ್ವಾ’ ಎಂದು ವಾದಿಸಿದರೆ ಇಬ್ಬರಿಗೂ ಸುಸ್ತು. ಊರಲ್ಲಿ ಅವರೆ ಯಾವ ಹೊಲದಲ್ಲಿ ಹಾಕುತ್ತಿದ್ದರು, ರಾಗಿಯ ಸಾಲಿನ ನಡುವೆಯೋ, ಬೇರೆಯೋ? ಕಾಯಿ ಕೀಳಲು ಜತೆಗೆ ಯಾರು ಬರುತ್ತಿದ್ದರು? ಕೇಳಿ. ಉತ್ತರ ಬಂದರೆ ಬರಲಿ, ಬರದಿದ್ದರೆ ನೀವೇ ನಿಮ್ಮ ತವರಿನ ಹೊಲದ ಸುದ್ದಿ ಹೇಳಿ. ಸಂಜೆ ಈ ತಳಮಳ ಹೆಚ್ಚುವುದು ಎಷ್ಟೋ ಜನರಲ್ಲಿದೆ. ಕತ್ತಲಾಗುವ ಮೊದಲೇ ದೀಪ ಹಾಕಿ, ಟೀವಿ ಆರಿಸಿ, ಬೋಗುಣಿ ತನ್ನಿ. ನಿದ್ದೆ ಬರಿಸುವ, ಸುಮ್ಮನಾಗಿಸುವ ಮಾತ್ರೆಗಳನ್ನು ಯಾರಾದರೂ ಸಲಹೆ ಮಾಡಿದರೆ ವೈದ್ಯರನ್ನು ಕೇಳದೆ ಕೊಡಬೇಡಿ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳು ಮರೆವಿನ ಕಾಯಿಲೆಯ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ.

ಕೆಲವು ಎಚ್ಚರಿಕೆಗಳನ್ನು ನಿಮಗೂ ಹೇಳಬೇಕು. ನೆಲದ ಮೇಲೆ ಕೂರಿಸಬೇಡಿ, ಏಳುವಾಗ ಬೀಳುತ್ತಾರೆ; ಕೈಯಿರುವ ಕುರ್ಚಿ, ಮುಂದೆ ಎತ್ತರದ ಮಣೆ ಇರಲಿ. ಈಳಿಗೆಮಣೆ, ಚಾಕು ಬೇಡ. ಮೆಣಸಿನಕಾಯಿ ತೊಟ್ಟು ಬಿಡಿಸಲು ಕೊಡಬೇಡಿ, ಅದೇ ಕೈ ಕಣ್ಣಿಗೆ ಹೋಗುತ್ತದೆ. ಹಸಿಕಾಳನ್ನು ಬಾಯಿಗೆ ಹಾಕಿಕೊಳ್ಳುವ ಹಂತ ಬಂದರೆ ಕಾಳು ನಿಲ್ಲಿಸಿ, ಬಟ್ಟೆ ಮಡಿಸಲು ಕೊಡಿ. ಸೀರೆಯ ಅಂಚಿಗೆ ಅಂಚು ಸೇರಿಸುವುದು ನಮ್ಮ ಹೆಂಗಸರ ಕೈಗೆ ಮರೆಯುವುದೇ ಇಲ್ಲ. ಸಿಪ್ಪೆ, ಬೇಳೆ ಎರಡನ್ನೂ ಒಂದೇ ಪಾತ್ರೆಗೆ ಹಾಕಿದರೆ ತಿದ್ದಬೇಡಿ, ಆಮೇಲೆ ಅವರ ಕಣ್ಣಿಗೆ ಬೀಳದಂತೆ ಆರಿಸಿಕೊಳ್ಳಿ. ಕೈ ಬಿಟ್ಟು ಕೂತರೆ ಆ ದಿನಕ್ಕೆ ಅಷ್ಟೇ; ‘ಇನ್ನೊಂಚೂರು’ ಎನ್ನಬೇಡಿ. ಕೆಲಸ ಸಾಗಲಿ ಎಂದು ಮಾಡಿಸಿದ ದಿನ ಮಾತ್ರ ನಾದಿನಿಯ ಮಾತು ನಿಜವಾಗುತ್ತದೆ. ಮುಖ್ಯವಾಗಿ, ಆ ಬೇಳೆಯ ಸಾರನ್ನು ಬಡಿಸುವಾಗ ‘ಅತ್ತೆ ಹಿದುಕಿದ್ದು’ ಎಂದು ಅವರೆದುರೇ ಎಲ್ಲರಿಗೂ ಹೇಳಿ.

ನನ್ನ ಸಂಕಟ ಬೇರೆಯೇ ಇದೆ. ಬೆಂಗಳೂರಿನಲ್ಲಿ ನಿಮ್ಮ ಅತ್ತೆಗೆ ಈ ಬೋಗುಣಿ ಸಿಗುತ್ತಿತ್ತೇ? ಅಲ್ಲಿ ಹಿದುಕಿದ ಬೇಳೆಯೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹೂವು ಕಟ್ಟಿಯೇ ಬರುತ್ತದೆ, ಹೂಬತ್ತಿ ಡಬ್ಬಿಯಲ್ಲಿ ಬರುತ್ತದೆ, ಹುರುಳಿಕಾಯಿ ಹೆಚ್ಚಿಯೇ ಬರುತ್ತದೆ. ಹಗಲೆಲ್ಲ ದುಡಿದು ಬರುವ ಹೆಂಗಸಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ನಾನು ಬೇಡ ಎನ್ನಲಾರೆ. ಆದರೆ ಮನೆಯ ಸಣ್ಣ ಕೆಲಸಗಳನ್ನೆಲ್ಲ ಅಂಗಡಿಗೆ ಕೊಟ್ಟ ಮೇಲೆ ಮುದಿ ಕೈಗಳಿಗೆ ಏನು ಉಳಿಯಿತು? ಜಗಲಿಯೂ ಇಲ್ಲ, ಜಗಲಿಯಲ್ಲಿ ಕೂತು ಅಕ್ಕಿ ಆರಿಸುವಾಗ ಮಾತಾಡಿಸಿ ಹೋಗುವವರೂ ಇಲ್ಲ. ಆ ಖಾಲಿ ಜಾಗವನ್ನು ತುಂಬಲು ಬಣ್ಣದ ಪೆನ್ಸಿಲ್ಲು ಕೊಳ್ಳುತ್ತಿದ್ದೇವೆ. ಹೊಲ ಉತ್ತವರ, ಹತ್ತು ಜನರ ಅಡುಗೆ ಮಾಡಿದವರ ಕೈಗೆ ಮೊಲದ ಚಿತ್ರ ಕೊಟ್ಟು ಬಣ್ಣ ಹಚ್ಚಿ ಎನ್ನುತ್ತೇವೆ.

ಸರ್ಕಾರದ ವಿಷಯವೂ ಇದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಬಗೆಯ ಮರೆವಿನ ಕಾಯಿಲೆಯಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಹಗಲು ಆರೈಕೆ ಕೇಂದ್ರಗಳೂ ಕೆಲವು ಇವೆ. ಜಿಲ್ಲೆಗಳ ಕಡೆ ಬಂದರೆ ಹುಡುಕಬೇಕು. ಮಗುವಿಗೆ ಊರೂರಲ್ಲಿ ಅಂಗನವಾಡಿ ಮಾಡಿದ ನಾಡು ಇದು. ಅದೇ ಊರಲ್ಲಿ ಹತ್ತು ಮುದುಕಿಯರು ಹಗಲು ಹೊತ್ತು ಒಟ್ಟಿಗೆ ಕೂತು ಕಾಯಿ ಬಿಡಿಸುವ, ಹಾಡುವ, ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚುವ ಒಂದು ಕೋಣೆ, ನೋಡಿಕೊಳ್ಳಲು ತರಬೇತಾದ ಒಬ್ಬಳು ಹೆಣ್ಣುಮಗಳು ಇರಬಾರದೇ? ಪಂಚಾಯಿತಿಗೆ ಅದು ಆಗದ ಖರ್ಚಲ್ಲ. ಅದು ಬರುವ ತನಕ ಇಡೀ ಭಾರ ನಿಮ್ಮಂಥ ಸೊಸೆಯರ, ಹೆಣ್ಣುಮಕ್ಕಳ ಹೆಗಲ ಮೇಲೇ. ದೂರದಿಂದ ಬಂದವರು ಎರಡು ದಿನ ಇದ್ದು ತಪ್ಪು ಹೇಳಿ ಹೋಗುತ್ತಾರೆ. ನಿಮ್ಮ ನಾದಿನಿಗೆ ಸಾಧ್ಯವಾದರೆ ಒಂದು ವಾರ ರಜೆ ಹಾಕಿ ಬರಲಿ. ಅಮ್ಮನ ಎದುರು ಕೂತು, ಅದೇ ಬೋಗುಣಿಗೆ ಕೈ ಹಾಕಲಿ. ಆ ವಾರ ನೀವು ತವರಿಗೆ ಹೋಗಿ ಬನ್ನಿ.

ಅವರೆ ಕಾಲ ಮುಗಿದ ಮೇಲೆ ಏನು ಎಂಬ ಚಿಂತೆ ಬೇಡ. ಕಡಲೆಕಾಯಿ ಸುಲಿಯುವುದು, ಹಸಿ ಬಟಾಣಿ ಬಿಡಿಸುವುದು, ಕೊತ್ತಂಬರಿ ಕಟ್ಟು ಬಿಚ್ಚಿ ಸೋಸುವುದು, ಹತ್ತಿಯಿಂದ ಬತ್ತಿ ಹೊಸೆಯುವುದು, ವರ್ಷಪೂರ್ತಿ ಏನಾದರೊಂದು ಇದ್ದೇ ಇರುತ್ತದೆ.

ಒಂದು ವಿಷಯ ಮಾತ್ರ ನಿಮ್ಮ ಪತ್ರದಲ್ಲಿ ಸಿಗಲಿಲ್ಲ. ಅತ್ತೆ ಇದ್ದಾರೆ, ನಾದಿನಿ ಇದ್ದಾರೆ, ನೀವಿದ್ದೀರಿ. ನಿಮ್ಮ ಯಜಮಾನರ ಸುದ್ದಿಯೇ ಇಲ್ಲ. ಅದು ಅವರ ತಾಯಿ ತಾನೇ? ಕಾಳು ಹಿದುಕುವುದನ್ನು ಕಲಿಯಲು ಗಂಡಸಿಗೆ ಹೆಚ್ಚು ಹೊತ್ತು ಬೇಕಾಗಿಲ್ಲ. ಈ ಭಾನುವಾರ ಅವರನ್ನೂ ಬೋಗುಣಿಯ ಎದುರು ಕೂರಿಸಿ, ಆಮೇಲೆ ನನಗೊಂದು ಪತ್ರ ಬರೆಯಿರಿ. ಅವರೇ ಬರೆದರೆ ಇನ್ನೂ ಸಂತೋಷ.

– ಸಂಪಾದಕ