ಹಳೇ ಫೋರ್ಡ್ ಇಂಜಿನ್‌ನ ಬ್ಯಾಬಿಟ್ ತೆಗೆಸಿ ಶೆಲ್ ಬೇರಿಂಗ್ ಹಾಕಿಸಲಾ?

ಮಾಡೆಲ್ ಎ ಗಾಡಿ, ಕೆಳಗಿಂದ ಟಕ ಟಕ ಸದ್ದು, "ಬೇರಿಂಗ್ ಹೋಗಿದೆ, ಬ್ಯಾಬಿಟ್ ಎಲ್ಲ ಹಳೇ ಕಾಲದ್ದು, ಕಿತ್ತು ಶೆಲ್ ಹಾಕಿಸಿಬಿಡಿ" ಅಂತ ಮೆಕ್ಯಾನಿಕ್ ಮಾತು. (ಬ್ಯಾಬಿಟ್ ಅಂದರೆ ಬೇರಿಂಗಿಗೆ ಕರಗಿಸಿ ಹೊಯ್ಯುವ ಮೆತ್ತಗಿನ ಮಿಶ್ರಲೋಹ, ಶೆಲ್ ಅಂದರೆ ಕಳಚಿ ಬದಲಾಯಿಸಬಹುದಾದ ರೆಡಿಮೇಡ್ ಅರ್ಧ ಬಳೆ.) ನಿಮ್ಮ ಪ್ರಶ್ನೆ 2014ರಲ್ಲಿ ನಾನೇ ಬರೆದ ಹಾಗಿದೆ.

ನಮ್ಮದು 1930ರದ್ದು. ಅಪ್ಪ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನವರೊಬ್ಬರ ಹತ್ತಿರ ಕೊಂಡಿದ್ದರು. ಕೊಪ್ಪಳದಲ್ಲಿ ಇಂಜಿನ್ ಬಿಚ್ಚಿದಾಗ ಕ್ರ್ಯಾಂಕ್ ಶಾಫ್ಟನ್ನು ಹೊರುವ ಮೂರು ಮೇನ್ ಬೇರಿಂಗಲ್ಲಿ ಹಿಂದಿನದು ಬಿರುಕು ಬಿಟ್ಟು ಚಕ್ಕೆ ಎದ್ದಿತ್ತು. ಅಂಗಡಿಗೆ ಹೋಗಿ ಹೊಸದು ಕೊಡಿ ಅನ್ನೋ ಹಾಗಿಲ್ಲ. ಈ ಇಂಜಿನ್‌ನಲ್ಲಿ ಲೋಹವನ್ನು ಕರಗಿಸಿ ನೇರ ಬ್ಲಾಕಿಗೇ ಹೊಯ್ದಿರುತ್ತಾರೆ.

ಗಂಗಾವತಿಯಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ಅಕ್ಕಿ ಮಿಲ್ಲಿನ ಶಾಫ್ಟಿಗೆ, ಆಯಿಲ್ ಇಂಜಿನ್‌ಗೆ ವೈಟ್ ಮೆಟಲ್ ಹೊಯ್ದೇ ಜೀವನ ಮಾಡಿದವರು. ಬ್ಯಾಬಿಟ್ ಅನ್ನೋ ಹೆಸರೇ ಅವರು ಕೇಳಿರಲಿಲ್ಲ, ವಸ್ತು ಮಾತ್ರ ಅದೇ. ಥರ್ಮಾಮೀಟರ್ ಇಲ್ಲ. ಕರಗಿದ ಲೋಹಕ್ಕೆ ಒಂದು ಕಟ್ಟಿಗೆ ಸೀಳು ಅದ್ದಿ ತೆಗೀತಾರೆ. ಕಡ್ಡಿ ಕಂದಬೇಕು, ಹತ್ತಿ ಉರಿಯಬಾರದು. ಕ್ರ್ಯಾಂಕ್ ಆಗಲೇ 10 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಅಂಡರ್‌ಸೈಜ್ ಗ್ರೈಂಡ್ ಆಗಿ ಬಂದಿತ್ತು. ಅದರ ಅಳತೆಗೇ ಮೂರೂ ಬೇರಿಂಗ್ ಒಂದೇ ಗೆರೆಯಲ್ಲಿ ಬೋರ್ ಮಾಡಿ, ಎಲ್ಲಿ ತಾಗುತ್ತೆ ಅಂತ ಗೊತ್ತಾಗೋಕೆ ನೀಲಿ ಬಣ್ಣ ಹಚ್ಚಿ, ಸ್ಕ್ರೇಪರ್‌ನಿಂದ ಕೆರೆದು ಕೂರಿಸಿದರು.

ಹೊಯ್ಯೋಕೆ ಮುಂಚೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ತಮ್ಮಾ, ಸಿಲಿಂಡರ್ ಕೆಲಸ ಮುಗಿಸಿಯಿಲ್ಲೋ?"

"ಮುಗೀತು" ಅಂದೆ. ಸುಳ್ಳು.

ಬಳ್ಳಾರಿಯ ಬೋರಿಂಗ್ ಶಾಪಿನಲ್ಲಿ ಲಾರಿ ಬ್ಲಾಕುಗಳು ಸಾಲಾಗಿ ಕೂತಿದ್ದವು, ನಮ್ಮ ಪಾಳಿ ಬರೋಕೆ ಹದಿನೈದು ದಿನ. ಅಷ್ಟರಲ್ಲಿ ಬೇರಿಂಗ್ ಆಗಿಬಿಡಲಿ, ಸಿಲಿಂಡರ್ ಆಮೇಲೆ ನೋಡಿಕೊಂಡರಾಯ್ತು ಅಂದುಕೊಂಡೆ. ಯಾವುದು ಮೊದಲಾದರೆ ಏನು, ಅಲ್ವಾ?

ಇಲ್ಲೇ ಕೆಟ್ಟದ್ದು. ಸ್ವಲ್ಪ ಉದ್ದ ಹೇಳ್ತೀನಿ, ತಾಳಿಕೊಳ್ಳಿ. ಬೋರ್ ಆದ ಮೇಲೆ ಸಿಲಿಂಡರ್‌ಗೆ ಹೋನಿಂಗ್ ಕಲ್ಲು ಹಾಕ್ತಾರೆ. ಕಲ್ಲು ಸವೆದು ಕಣ ಉದುರುತ್ತೆ. ಸಿಲಿಂಡರ್ ಕೆಳಗೇ ಮೇನ್ ಬೇರಿಂಗ್. ನಾನು ಕಾಟನ್ ವೇಸ್ಟ್ ತುರುಕಿದ್ದೆ, ಕೊನೆಗೆ ಸೀಮೆಎಣ್ಣೆ ಸುರಿದು ತೊಳೆದೆ. ಕಣ್ಣಿಗೆ ಫಳಫಳ. ಆದರೆ ಸೀಮೆಎಣ್ಣೆ ಆ ಕಣಗಳನ್ನು ತೆಗೆಯಲ್ಲ, ಹರಡುತ್ತೆ. ಬ್ಯಾಬಿಟ್ ಮೆತ್ತಗಿನ ಲೋಹ, ಒಳ್ಳೆಯದರಲ್ಲಿ ನೂರಕ್ಕೆ 89 ಭಾಗ ತವರವೇ. ಒಂದೋ ಎರಡೋ ಕಣ ಬಂದರೆ ನುಂಗಿಕೊಂಡು ಕ್ರ್ಯಾಂಕನ್ನು ಉಳಿಸುತ್ತೆ, ಅದೇ ಅದರ ಗುಣ. ನೂರಾರು ಬಂದರೆ ಅರ್ಧ ಹೂತು, ಅರ್ಧ ತಲೆ ಎತ್ತಿಕೊಂಡು ಕೂರುತ್ತವೆ. ಆಗ ಅದು ಬೇರಿಂಗ್ ಅಲ್ಲ, ಸಾಣೆಕಲ್ಲು. ಮೆತ್ತಗಿನದು ಕಣ ಹಿಡಿದುಕೊಳ್ಳುತ್ತೆ, ಗಟ್ಟಿಯದು ಸವೆಯುತ್ತೆ. ಬೇರಿಂಗ್ ಕೂರಿಸೋಕೆ ಎಮರಿ ಪೇಪರ್ ಉಜ್ಜುವವರಿಗೂ ಇದೇ ಗತಿ.

ಮುನ್ನೂರು ಕಿಲೋಮೀಟರ್ ಓಡಿತು. ಮುನಿರಾಬಾದ್ ಹತ್ತಿರ ಮತ್ತೆ ಟಕ ಟಕ. ಬಿಚ್ಚಿ ನೋಡಿದರೆ ಕ್ರ್ಯಾಂಕ್ ಮೇಲೆ ಗೆರೆಗಳು, ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳ. ಮೇಸ್ತ್ರಿ ಬೇರಿಂಗಿನ ಕ್ಯಾಪ್, ಅಂದರೆ ಕೆಳಗಿನ ಅರ್ಧ ಭಾಗ, ಕೈಗೆ ತಗೊಂಡು, ಸೂಜಿ ಮೊನೆಯಿಂದ ಏನನ್ನೋ ಕೆದರಿ ನನ್ನ ಅಂಗೈಗೆ ಹಾಕಿದರು. ಸಾಸಿವೆಗಿಂತ ಎಷ್ಟೋ ಸಣ್ಣದು, ಉಜ್ಜಿದರೆ ಚರಚರ. "ಮುಗೀತು ಅಂದಿದ್ಯಲ್ಲೋ" ಅಂದರು, ಅಷ್ಟೇ. ಕ್ರ್ಯಾಂಕ್ ಮತ್ತೆ ಗ್ರೈಂಡಿಂಗ್, 20 ಥೌಗೆ ಇಳೀತು. ವೈಟ್ ಮೆಟಲ್ ಮತ್ತೆ ಹೊಯ್ಯಿಸಿದೆ. ಒಟ್ಟು 38 ಸಾವಿರ ನೀರಿಗೆ ಹಾಕಿದ ಹಾಗಾಯ್ತು.

ಹಾಗಾಗಿ ಬ್ಯಾಬಿಟ್ಟೋ ಶೆಲ್ಲೋ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಶೆಲ್ ಹಾಕಿಸಬೇಕಾದರೂ ಬ್ಲಾಕ್ ಕೊರೆಯಬೇಕು, ಗೆರೆ ಅಷ್ಟೇ ನೇರ ಬರಬೇಕು. ತಪ್ಪಿದರೆ ಬ್ಲಾಕೇ ಹೋಯ್ತು. ಬ್ಯಾಬಿಟ್ ತಪ್ಪಿದರೆ ಕರಗಿಸಿ ಇನ್ನೊಮ್ಮೆ ಹೊಯ್ಯಬಹುದು, ನಾನೇ ಸಾಕ್ಷಿ. ದಿನಾ ಹೈವೇಯಲ್ಲಿ ನೂರರಲ್ಲಿ ಓಡಿಸ್ತೀನಿ ಅಂದರೆ ಶೆಲ್ ಹಾಕಿಸಿಕೊಳ್ಳಿ, ಆದರೆ ಹಾಗೆ ಓಡಿಸೋಕೆ ಮಾಡೆಲ್ ಎ ಯಾಕೆ ಬೇಕು? ಏನೇ ಮಾಡಿಸಿ, ಬ್ಲಾಕಿನ ಬೇರೆ ಕೆಲಸವೆಲ್ಲ ಮೊದಲು. ಆಮೇಲೆ ಬಿಸಿನೀರು, ಸೋಪಿನ ಪುಡಿ, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಇರಬೇಕು. ಬ್ಯಾಬಿಟ್ ಕಟ್ಟಕಡೆಗೆ.

ಇನ್ನೊಂದು. ಸದ್ದು ಬಂತು ಅಂತ ಬೇರಿಂಗ್ ಹೋಗಿದೆ ಅಂದುಕೊಳ್ಳಬೇಡಿ. ಇಂಜಿನ್ ತಳದ ಎಣ್ಣೆ ತೊಟ್ಟಿ (ಸಂಪ್) ಇಳಿಸಿ ಕ್ಯಾಪ್ ಬಿಚ್ಚಿ, ಲೋಹದಲ್ಲಿ ಬಿರುಕು ಇದೆಯಾ ನೋಡಿ. ಇಲ್ಲ ಅಂದರೆ ಕ್ಯಾಪ್ ಅಡಿಯಲ್ಲಿ ತೆಳು ಶಿಮ್ ಪದರ ಇರುತ್ತವೆ, ಎರಡೂ ಕಡೆ ಒಂದೊಂದು ಎಳೆ ತೆಗೆದು ಬಿಗಿ ಮಾಡಿ, ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿನ ಅಳತೆ ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ಅಳೆಯಿರಿ. ಸಂದು ಒಂದರಿಂದ ಒಂದೂವರೆ ಥೌ ಬಂದರೆ ಸಾಕು, ಯಾವ ಶಾಪಿಗೂ ಹೋಗಬೇಕಾಗಿಲ್ಲ. ತೆಗೆದ ಶಿಮ್ ಬಿಸಾಡಬೇಡಿ, ಡಬ್ಬೀಲಿ ಹಾಕಿಡಿ.