ತುಮಕೂರಿನ ಬಡಾವಣೆಗಳಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಬಾಡಿಗೆ ಮನೆ ಹುಡುಕಾಟ ಸುಧಾರಿಸೋದು ಹೇಗೆ?

ನಿಮ್ಮ ಬಾಡಿಗೆ ಮನೆ ಹುಡುಕಾಟದಲ್ಲಿ ಬಡಾವಣೆಗೆ ಅಂಕ ಹಾಕುವಾಗ ಶಾಲೆ, ಅಂಗಡಿ, ಬಸ್ ಸ್ಟಾಪಿಗೆ ಎಷ್ಟೆಷ್ಟು ತೂಕ ಕೊಡಬೇಕು ಅಂತ ಕೇಳಿದ್ದೀರಿ, ಜತೆಗೆ ಜನರೇ ತುಂಬೋ ‘ಒಳ್ಳೆ ಏರಿಯಾ’ ಕಾಲಮ್ಮೂ ಇಟ್ಟಿದ್ದೀರಿ. ನಾನೂ ಇಲ್ಲಿಂದಲೇ ಶುರು ಮಾಡಿದವನು. ತೂಕದ ಮಾತು ಆಮೇಲೆ. ಮೊದಲು ಬಡಾವಣೆಗೆ ಅಂಕ ಕೊಡೋದನ್ನೇ ಬಿಡಿ. ಶೆಟ್ಟಿಹಳ್ಳಿಯ ಮುಖ್ಯರಸ್ತೆ ಮನೆಗೂ ಹಿಂದಿನ ಹೊಸ ಲೇಔಟಿನ ಕೊನೇ ಸೈಟಿಗೂ ಒಂದೇ ಅಂಕ ಬಿದ್ದರೆ ಆ ಅಂಕ ಯಾರಿಗೂ ಬೇಡ. ಊರನ್ನು ಎಚ್3 (ನಕ್ಷೆಯನ್ನು ಹೆಚ್ಚುಕಡಿಮೆ ಒಂದೇ ಗಾತ್ರದ ಆರು ಮೂಲೆಯ ಚೂರುಗಳಾಗಿ ಹಂಚೋ ಪದ್ಧತಿ) ಷಡ್ಭುಜಗಳಾಗಿ ಮಾಡಿಕೊಳ್ಳಿ, ರೆಸಲ್ಯೂಷನ್ ಅಂದರೆ ಚೂರಿನ ಗಾತ್ರದ ಹಂತ 9. ಒಂದೊಂದು ಸುಮಾರು 0.1 ಚದರ ಕಿ.ಮೀ., ಅಂದರೆ 25 ಎಕರೆ ಚಿಲ್ಲರೆ.

ಎಲ್ಲರೂ ಎಡವೋದು ದೂರದ ಲೆಕ್ಕದಲ್ಲಿ. ಅಕ್ಷಾಂಶ ರೇಖಾಂಶ ಕೈಯಲ್ಲಿದೆ ಅಂತ ನೇರ ಗೆರೆ ಎಳೆದುಬಿಡ್ತಾರೆ. ತುಮಕೂರಲ್ಲಿ ಅದು ನಡೆಯಲ್ಲ, ಬೆಂಗಳೂರು–ಅರಸೀಕೆರೆ ರೈಲು ಮಾರ್ಗ ಊರೊಳಗೇ ಹಾದುಹೋಗುತ್ತೆ. ಉಪ್ಪಾರಹಳ್ಳಿ ಕಡೆಯ ಮನೆಯಿಂದ ಹಳಿಯ ಈಚೆಗಿರೋ ಮೆಡಿಕಲ್ ಸ್ಟೋರಿಗೆ ಗೆರೆಯಲ್ಲಿ 300 ಮೀಟರ್ ಬರಬಹುದು. ಮೇಲ್ಸೇತುವೆ ಸುತ್ತಿ ನಡೆದರೆ ಒಂದೂವರೆ ಕಿ.ಮೀ. ಆಗಬಹುದು. ಅಮಾನಿಕೆರೆ ಸುತ್ತಲೂ ಇದೇ ಕಥೆ, ಎದುರು ದಡದ ಅಂಗಡಿ ಹತ್ತಿರ ಅನ್ನುತ್ತೆ ಲೆಕ್ಕ, ನಡುವೆ ಇರೋದು ನೀರು. ಕ್ಯಾತಸಂದ್ರದ ಹತ್ತಿರ ಹೀಗೆ ಅಡ್ಡ ಬರೋದು ಹೆದ್ದಾರಿ 48. ಈ ತಪ್ಪು ಹಾಗೇ ಉಳಿದರೆ ತೂಕ ಎಷ್ಟೇ ತಿದ್ದಿದರೂ ಫಲ ಇಲ್ಲ, ಯಾಕೆಂದರೆ ಹಳಿ ಪಕ್ಕದ ಮನೆಗಳೆಲ್ಲ ಎರಡೂ ಕಡೆಯ ಅಂಗಡಿ ಎಣಿಸಿಕೊಂಡು ಪಟ್ಟಿಯ ಮೇಲೆ ಬಂದು ಕೂತಿರುತ್ತವೆ.

ಜಿಯೋಫ್ಯಾಬ್ರಿಕ್ ಅನ್ನೋ ತಾಣದಿಂದ ಭಾರತದ ದಕ್ಷಿಣ ವಲಯದ ಓಪನ್‌ಸ್ಟ್ರೀಟ್‌ಮ್ಯಾಪ್ (ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ) ಫೈಲ್ ಇಳಿಸಿಕೊಂಡು, ಆ ಫೈಲ್ ಕತ್ತರಿಸೋ ಓಸ್ಮಿಯಮ್ ಅನ್ನೋ ಸಾಧನದಲ್ಲಿ ತುಮಕೂರಿನ ಚೌಕ ಕತ್ತರಿಸಿ. ಅಂಚು ಊರಿಗಿಂತ 3 ಕಿ.ಮೀ. ಆಚೆ ಇರಲಿ, ಇಲ್ಲದಿದ್ದರೆ ಅಂಚಿನ ಲೇಔಟುಗಳಿಗೆ ಹತ್ತಿರದ ಅಂಗಡಿಯೇ ಕತ್ತರಿಸಿ ಹೋಗುತ್ತೆ. ಆಮೇಲೆ ಓಎಸ್‌ಆರ್‌ಎಂ, ಅಂದರೆ ದಾರಿಯ ಲೆಕ್ಕ ಹಾಕೋ ಸಾಫ್ಟ್‌ವೇರನ್ನು, ಫುಟ್ ಪ್ರೊಫೈಲಲ್ಲಿ (ನಡೆಯೋರ ಲೆಕ್ಕದಲ್ಲಿ) ಓಡಿಸಿ. ಅದರ ಟೇಬಲ್ ಸರ್ವಿಸ್ ಷಡ್ಭುಜ–ಅಂಗಡಿಯ ಎಲ್ಲ ಜೋಡಿಗಳ ನಡಿಗೆ ದೂರ ಒಟ್ಟಿಗೆ ಕೊಡುತ್ತೆ.

ಇಲ್ಲೂ ಎರಡು ಕಡೆ ಕೈಕೊಡುತ್ತೆ. ಜನ ಹಳಿ ದಾಟಿ ಓಡಾಡೋ ಕಾಲುದಾರಿಯನ್ನು ಯಾರಾದರೂ ನಕ್ಷೆಯಲ್ಲಿ ಬರೆದಿಟ್ಟಿದ್ದರೆ ಸಾಫ್ಟ್‌ವೇರ್ ಅದನ್ನೇ ರಸ್ತೆ ಅಂದುಕೊಳ್ಳುತ್ತೆ. ರೈಲು ಗೆರೆಯನ್ನು ಕಡಿಯೋ ಕಾಲುದಾರಿಗಳ ಪಟ್ಟಿ ತೆಗೆದು, ಒಂದೊಂದನ್ನೂ ಕಣ್ಣಾರೆ ನೋಡಿ, ನಿಜವಾದ ದಾರಿ ಅಲ್ಲದ್ದನ್ನು ಅಳಿಸಿ. ಎರಡನೆಯದು ಕಾಂಪೌಂಡ್. ಎಸ್‌ಐಟಿ (ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು) ಅಥವಾ ಜಿಲ್ಲಾಸ್ಪತ್ರೆಯಂಥ ಜಾಗಕ್ಕೆ ನಕ್ಷೆಯಲ್ಲಿ ಚುಕ್ಕೆ ಇರೋದು ನಟ್ಟನಡುವೆ. ಓಎಸ್‌ಆರ್‌ಎಂ ಅದನ್ನು ತೀರಾ ಹತ್ತಿರದ ರಸ್ತೆಗೆ ಅಂಟಿಸುತ್ತೆ. ಆ ರಸ್ತೆ ಗೇಟೇ ಇಲ್ಲದ ಹಿಂದಿನ ಗೋಡೆಯದ್ದಾದರೆ ಹಿಂಬದಿ ಬೀದಿಗಳಿಗೆ ಪುಕ್ಕಟೆ ಅಂಕ. ಚುಕ್ಕೆ ತೆಗೆದು ಗೇಟುಗಳ ಸ್ಥಾನ ಹಾಕಿ.

ಅಂಕ ಸುಲಭ. 400 ಮೀಟರ್ ಒಳಗೆ ಪೂರ್ತಿ, 1,600ಕ್ಕೆ ಸೊನ್ನೆ, ನಡುವೆ ನೇರ ಇಳಿಕೆ. ಒಂದು ಬಗೆಯಲ್ಲಿ ಮೂರಕ್ಕಿಂತ ಹೆಚ್ಚು ಎಣಿಸಬೇಡಿ. ಏಳು ಬೇಕರಿಗೂ ಅಂಕ ಕೊಟ್ಟರೆ ಯಾವಾಗಲೂ ಬಿ.ಎಚ್. ರಸ್ತೆಯೇ ಗೆಲ್ಲುತ್ತೆ. ಇನ್ನು ನೀವು ಕೇಳಿದ ತೂಕ: ಎಲ್ಲರಿಗೂ ಒಂದೇ ಇಡಬೇಡಿ. ಇಂಜಿನಿಯರಿಂಗ್ ಓದೋ ಹುಡುಗನಿಗೆ ಮೆಸ್ಸು, ಜೆರಾಕ್ಸ್ ಅಂಗಡಿ. ವಯಸ್ಸಾದ ಅಪ್ಪ ಅಮ್ಮ ಇರೋರಿಗೆ ಮೆಡಿಕಲ್ ಸ್ಟೋರು, ಪಾರ್ಕು. ಮೂರು ನಾಲ್ಕು ಪಟ್ಟಿ ಸಾಕು.

ನಕ್ಷೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಬೀದಿಯಲ್ಲಿ ಇಲ್ಲ ಅಂತಲ್ಲ. ಮನೆಗಳು ಒತ್ತಾಗಿದ್ದೂ ಒಂದೇ ಒಂದು ಅಂಗಡಿ ಕಾಣದ ಷಡ್ಭುಜಕ್ಕೆ ಸೊನ್ನೆ ಹಾಕದೆ ‘ಮಾಹಿತಿ ಇಲ್ಲ’ ಅಂತ ಗುರುತಿಸಿ, ಸುತ್ತಲಿನ ಆರರ ಸರಾಸರಿ ಕೊಡಿ.

ನೀರನ್ನು ಅಂಕದೊಳಗೆ ಸೇರಿಸಲೇಬೇಡಿ. ಬುಗುಡನಹಳ್ಳಿಯಿಂದ ಬರೋ ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯಾ, ಟ್ಯಾಂಕರ್ ತರಿಸಬೇಕಾ ಅಂತ ಮನೆ ಮಾಲೀಕರಿಂದಲೇ ಬರೆಸಿಕೊಂಡು ಬೇರೆ ಸಾಲಲ್ಲಿ ತೋರಿಸಿ. ಬಾಡಿಗೆಗೆ ಬರೋರು ಮೊದಲು ಕೇಳೋದೇ ಅದು, ಸರಾಸರಿಯೊಳಗೆ ಅದು ಮುಳುಗಿಹೋಗಬಾರದು. ‘ಒಳ್ಳೆ ಏರಿಯಾ’ ಅನ್ನೋ ಕಾಲಮ್ ಇಟ್ಟಿದ್ದೀರಲ್ಲ, ಅದನ್ನಂತೂ ಇವತ್ತೇ ಕಿತ್ತುಹಾಕಿ. ಜನರ ಕೈಲಿ ತುಂಬಿಸಿದರೆ ಅದರಲ್ಲಿ ಬಂದು ಕೂರೋದು ಜಾತಿ, ಧರ್ಮ. ಬೀದಿದೀಪ ಉರಿಯುತ್ತಾ ಅಂತ ಕೇಳಿ, ಎಣಿಸಬಹುದಾದ್ದು ಅದು.

ಕೊನೆಗೆ ಹುಡುಕಾಟಕ್ಕೆ ಸೇರಿಸುವಾಗ ಅಂಕವನ್ನು 0ಯಿಂದ 1ರೊಳಗೆ ತಂದು, ಹೊಂದಾಣಿಕೆಯ ಮೌಲ್ಯವನ್ನು, ಅಂದರೆ ಹುಡುಕಿದ ಪದಕ್ಕೆ ಮನೆ ಎಷ್ಟು ಹೊಂದುತ್ತೆ ಅನ್ನೋ ಸಂಖ್ಯೆಯನ್ನು, (0.8 + 0.2 × ಅಂಕ) ಇಂದ ಗುಣಿಸಿ. ಕೂಡಿಸಬೇಡಿ. ಕೂಡಿಸಿದರೆ ‘ಕ್ಯಾತಸಂದ್ರ 2 ಬಿಎಚ್‌ಕೆ’ ಅಂತ ಹುಡುಕಿದವರಿಗೆ ಎಸ್.ಎಸ್. ಪುರಂ ಮನೆ ಮೇಲೆ ಬರೋ ಸಾಧ್ಯತೆ ಇದೆ. ಜಾಗದ ಹೆಸರು ಟೈಪ್ ಮಾಡಿದವರಿಗೆ ಆ ಜಾಗದ ಮನೆಗಳೊಳಗೆ ಮಾತ್ರ ಹಿಂದೆ ಮುಂದೆ ಆಗಲಿ.